ಹೆಣ್ಣಾಗಿ ಬಾಳುವವರ ಒಲವು: ಕನ್ನಡ ನಾಡಿನ ಕಥನಗಳಲ್ಲಿ ಜೋಗತಿ–ಹಿಜಡಾ ಸಮುದಾಯಗಳ ಪ್ರೇಮ ಮತ್ತು ದಾಂಪತ್ಯ

ಕೂಡ್ಲಿಗಿ ತಾಲೂಕಿನ ಕಾನಹೊಸಹಳ್ಳಿ ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯ ಮೇಲಿರುವ ಊರು. ಇದರ ಬಡಗಣ ದಿಕ್ಕಿಗೆ ತುಂಗಭದ್ರೆಯ ದಂಡೆಯ ಹುಲಿಗಿ, ಪಡುವಣಕ್ಕೆ ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗ, ಹಡಗಲಿ ಸೀಮೆಯ ಮೈಲಾರ ಇವೆ. ಹುಲಿಗೆಮ್ಮ, ಉಚ್ಚಂಗೆಮ್ಮ, ಮೈಲಾರಲಿಂಗ ಈ ಮೂವರ ನಡುವಿನ ನೆಲ ಇದು. ಇನ್ನೂ ದೂರದ ಸವದತ್ತಿಯ ಎಲ್ಲಮ್ಮನಿಗೂ ಇಲ್ಲಿ ಒಕ್ಕಲಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಈ ದಾರಿಗಳಲ್ಲಿ ಕೊಡ ಹೊತ್ತು, ಚೌಡಿಕೆ ಹಿಡಿದು ನಡೆಯುವ ಜೋಗತಿಯರಲ್ಲಿ ಹೆಣ್ಣಾಗಿ ಹುಟ್ಟಿದವರೂ ಇದ್ದಾರೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರೂ ಇದ್ದಾರೆ. ಎರಡನೆಯವರನ್ನು ವಿದ್ವಾಂಸರು ಬಹುಮಟ್ಟಿಗೆ ‘ಜೋಗಪ್ಪ’ ಎಂದು ಕರೆದಿದ್ದರೂ ಈ ಸೀಮೆಯಲ್ಲಿ ಅವರು ‘ಜೋಗತಿ’ ಎಂದೇ ಕರೆಸಿಕೊಳ್ಳಲು ಬಯಸುತ್ತಾರೆ. ಈ ಬರಹದಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ಜೋಗತಿಯರ ಆಚರಣೆ, ಹಾಡು, ವಾದ್ಯ, ಕುಣಿತಗಳ ಬಗೆಗೆ ಜಾನಪದ ಅಧ್ಯಯನಗಳು ಸಾಕಷ್ಟು ನಡೆದಿವೆ. ಅವರ ಒಲವಿನ ವಿಷಯ ಮಾತ್ರ ಇಂಥ ಅಧ್ಯಯನಗಳ ಅಂಚಿಗೆ ಸರಿದಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ವ್ಯಕ್ತಿ ಯಾರನ್ನಾದರೂ ಪ್ರೀತಿಸಿದರೆ, ಯಾರಾದರೂ ಅವರನ್ನು ಪ್ರೀತಿಸಿದರೆ, ಆ ಸಂಬಂಧವನ್ನು ಈ ನಾಡಿನ ಕಥೆಗಳು ಹೇಗೆ ಹೇಳಿವೆ? ಪುರಾಣದಿಂದ ಆತ್ಮಕಥನದವರೆಗೆ ಸಾಗಿಬಂದ ಕಥನಗಳನ್ನು ಈ ಪ್ರಶ್ನೆಯೊಂದಿಗೆ ಓದಿದಾಗ ಎರಡು ಧ್ರುವಗಳು ಎದ್ದು ತೋರುತ್ತವೆ. ಒಂದರಲ್ಲಿ ಇಂಥವರಿಗೆ ಕಾಮವೇ ಇಲ್ಲ, ಇನ್ನೊಂದರಲ್ಲಿ ಕಾಮವಲ್ಲದೆ ಬೇರೇನೂ ಇಲ್ಲ. ಪ್ರೇಮವೂ ಸಂಸಾರವೂ ಇರಬೇಕಾದ ನಡುವಣ ಜಾಗ ಬಹುಕಾಲ ಬರಿದಾಗಿಯೇ ಉಳಿದಿದೆ.

ಜೋಗತಿಯರ ಮೂಲಕಥೆಯಿಂದಲೇ ಆರಂಭಿಸಬಹುದು. ಜಮದಗ್ನಿಯ ಮಡದಿ ರೇಣುಕೆ ಹೊಳೆಗೆ ನೀರಿಗೆ ಹೋದಾಗ ಜಲಕ್ರೀಡೆಯಲ್ಲಿದ್ದ ಗಂಧರ್ವನನ್ನು ಕಂಡು ಕ್ಷಣಕಾಲ ಮನಸೋಲುತ್ತಾಳೆ. ಅಷ್ಟರಿಂದಲೇ ಅವಳ ಪಾತಿವ್ರತ್ಯದ ಶಕ್ತಿ ಕುಂದುತ್ತದೆ, ಮರಳಿನ ಕೊಡ ನಿಲ್ಲುವುದಿಲ್ಲ. ತಾಯಿಯ ತಲೆ ಕಡಿಯಿರೆಂದು ಮುನಿ ಮಕ್ಕಳಿಗೆ ಆಜ್ಞಾಪಿಸಿದಾಗ ನಾಲ್ವರು ಒಪ್ಪುವುದಿಲ್ಲ, ಪರಶುರಾಮ ಒಪ್ಪುತ್ತಾನೆ. ಸಂಸ್ಕೃತ ಮಹಾಭಾರತದ ವನಪರ್ವದಲ್ಲಿ ಒಪ್ಪದ ಮಕ್ಕಳಿಗೆ ಸಿಗುವುದು ಬುದ್ಧಿಗೆಟ್ಟು ಮೃಗಪಕ್ಷಿಗಳಂತಾಗುವ ಶಾಪ. ಪರಶುರಾಮ ಕೇಳಿದ ವರಗಳಲ್ಲಿ ತಾಯಿಯ ಮರುಜೀವದೊಂದಿಗೆ ಅಣ್ಣಂದಿರ ಶಾಪವಿಮೋಚನೆಯೂ ಸೇರಿದೆ. ಎಲ್ಲಮ್ಮನ ಭಕ್ತರ ಬಾಯಿಯಲ್ಲಿ ಈ ಭಾಗ ಬೇರೆಯೇ ಆಗುತ್ತದೆ. ಇಲ್ಲಿ ಶಾಪವೆಂದರೆ ಗಂಡಸುತನದ ಲೋಪ. ಆ ಶಾಪ ಇಳಿಯುವುದಿಲ್ಲ. ತಾಯಿಯನ್ನು ಕೊಲ್ಲಲೊಪ್ಪದ ಮಕ್ಕಳು ಸೀರೆಯುಟ್ಟು ಆಕೆಯ ಬಳಿಯಲ್ಲಿಯೇ ಉಳಿಯುತ್ತಾರೆ. ಜೋಗತಿಯರು ತಮ್ಮ ಕುಲವನ್ನು ಆ ಮಕ್ಕಳಿಂದಲೇ ಎಣಿಸುತ್ತಾರೆ.

ಈ ಮಾರ್ಪಾಡು ಸಣ್ಣದಲ್ಲ. ಒಂದು ಸಮುದಾಯ ತನಗೆ ಅಂಟಿದ ಶಾಪವನ್ನು ತಾಯ್ಮಕ್ಕಳ ನಂಟಾಗಿ ಪರಿವರ್ತಿಸಿಕೊಂಡ ಬಗೆ ಇದು. ಆದರೆ ಕಥೆಯ ಮೊದಲ ಗಂಟು ಹಾಗೆಯೇ ಉಳಿಯಿತು. ಒಂದು ನೋಟದ ಆಸೆಗೆ ತಲೆ ಉರುಳಿದ ಕಥೆಯಲ್ಲಿ, ಆ ತಲೆಯ ಪರವಾಗಿ ನಿಂತ ಮಕ್ಕಳಿಗೆ ಆಸೆಯ ಹಕ್ಕೇ ಇಲ್ಲವಾಯಿತು. ತಾಯಿಯ ಮಕ್ಕಳೆಂಬ ಸ್ಥಾನವೇನೋ ದೊರೆಯಿತು, ಯಾರದಾದರೂ ಗೆಳತಿ ಅಥವಾ ಮಡದಿ ಎಂಬ ಸ್ಥಾನಕ್ಕೆ ಕಥೆಯಲ್ಲಿ ಜಾಗವಿರಲಿಲ್ಲ. ಮುತ್ತು ಕಟ್ಟಿಸಿಕೊಂಡವರು ದೇವಿಗೆ ಸಲ್ಲಿದವರು ಎಂಬ ನಂಬಿಕೆ ಈ ಕೊರತೆಗೆ ಕಟ್ಟಳೆಯ ರೂಪ ಕೊಟ್ಟಿತು.

ಆಚರಣೆಯಲ್ಲಿ ಕಾಣುವುದು ಇನ್ನೂ ವಿಚಿತ್ರವಾದುದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಗೆ ರಂಡೆ ಹುಣ್ಣಿಮೆಯೆಂದೂ ಭರತ ಹುಣ್ಣಿಮೆಗೆ ಮುತ್ತೈದೆ ಹುಣ್ಣಿಮೆಯೆಂದೂ ಹೆಸರಿದೆ. ಜಮದಗ್ನಿ ಹತನಾಗಿ ರೇಣುಕೆ ವಿಧವೆಯಾದ ದಿನ ಮೊದಲನೆಯದು, ಅವಳ ಮುತ್ತೈದೆತನ ಮರಳಿದ ದಿನ ಎರಡನೆಯದು. ಮೊದಲ ಹುಣ್ಣಿಮೆಗೆ ಬಳೆ ಒಡೆಯುತ್ತವೆ, ಎರಡನೆಯದಕ್ಕೆ ಹೊಸ ಬಳೆ ಏರುತ್ತವೆ. ದೇವಿಯೊಂದಿಗೆ ಜೋಗತಿಯರೂ ವಿಧವೆಯರಾಗುತ್ತಾರೆ, ಮುತ್ತೈದೆಯರಾಗುತ್ತಾರೆ. ಮದುವೆಯೆಂಬುದು ಮಾತ್ರ ಅವರ ಬಾಳಿನಲ್ಲಿ ನಡೆದಿರುವುದಿಲ್ಲ. ತಮಿಳುನಾಡಿನ ವಿಳುಪ್ಪುರಂ ಸೀಮೆಯ ಕೂವಾಗಂನಲ್ಲಿ ಚಿತ್ರಾ ಪೌರ್ಣಮಿಯ ಹೊತ್ತಿಗೆ ಅರವಾನನಿಗೆ ತಾಳಿ ಕಟ್ಟಿಸಿಕೊಂಡು ಮರುದಿನವೇ ತಾಳಿ ಹರಿದುಕೊಳ್ಳುವ ಆಚರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಒಂದು ಇರುಳಿನ ದಾಂಪತ್ಯವಾದರೂ ಉಂಟು. ಇಲ್ಲಿ ಅದೂ ಇಲ್ಲದೆ ವೈಧವ್ಯವೇ ಮೊದಲು ಒದಗುತ್ತದೆ. ದಾಂಪತ್ಯದ ಚಿಹ್ನೆಗಳನ್ನೆಲ್ಲ ಒದಗಿಸಿ ದಾಂಪತ್ಯವನ್ನು ಮಾತ್ರ ತಡೆಹಿಡಿಯುವ ಈ ವ್ಯವಸ್ಥೆ ಆಸೆಯನ್ನು ಇಲ್ಲವೆನ್ನುವುದಿಲ್ಲ. ವರ್ಷಕ್ಕೆರಡು ಹುಣ್ಣಿಮೆಗಳಲ್ಲಿ ಅದಕ್ಕೊಂದು ಮಿತಿ ಹಾಕಿಕೊಡುತ್ತದೆ. ನಿಕೊಲಸ್ ಬ್ರಾಡ್‌ಫರ್ಡ್ 1983ರಲ್ಲಿ ಪ್ರಕಟಿಸಿದ ಎಲ್ಲಮ್ಮ ಪಂಥದ ಅಧ್ಯಯನ ಜೋಗತಿಯರ ಹೆಣ್ತನವನ್ನು ದೇವಿಯ ಕಾಟ, ಕಾವು, ರೋಗಗಳ ಪರಿಭಾಷೆಯಲ್ಲಿ ವಿವರಿಸಿತು. ಒಳನೋಟಗಳುಳ್ಳ ಬರಹ ಅದು. ಆದರೂ ಅದರ ಕಣ್ಣು ಇದ್ದುದು ಆಚರಣೆಯ ಮೇಲೆ, ಜೋಗತಿಯರ ಒಲವಿನ ಮೇಲಲ್ಲ.

ಕನ್ನಡ ಕಾವ್ಯಲೋಕಕ್ಕೆ ಚಿರಪರಿಚಿತವಾದ ಬೃಹನ್ನಳೆಯ ಪ್ರಸಂಗವೂ ಇದೇ ಮೊದಲ ಧ್ರುವಕ್ಕೆ ಸೇರುತ್ತದೆ. ಊರ್ವಶಿಯ ಬಯಕೆಯನ್ನು ನಿರಾಕರಿಸಿದ ಅರ್ಜುನನಿಗೆ ನಪುಂಸಕತ್ವದ ಶಾಪ ತಗಲುತ್ತದೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿ ಈ ಭಾಗವನ್ನು ಪ್ರಕ್ಷಿಪ್ತವೆಂದು ಮೂಲಪಾಠದಿಂದ ಹೊರಗಿಟ್ಟಿದೆ. ಕುಮಾರವ್ಯಾಸನಾದರೋ ಅರಣ್ಯಪರ್ವದಲ್ಲಿ ಊರ್ವಶಿಯ ಆಸೆ, ಅವಮಾನ, ಕೋಪಗಳನ್ನು ವಿಸ್ತಾರವಾಗಿಯೇ ಬಿಡಿಸಿದ್ದಾನೆ. ರೇಣುಕೆಯ ಕಥೆಯಂತೆ ಇಲ್ಲಿಯೂ ಗಂಡಸುತನದ ಲೋಪ ಹುಟ್ಟುವುದು ಈಡೇರದ ಒಂದು ಬಯಕೆಯ ಪಕ್ಕದಲ್ಲಿ ಎಂಬುದು ಗಮನಾರ್ಹ. ಮತ್ಸ್ಯದೇಶದ ಅಂತಃಪುರದಲ್ಲಿ ಬೃಹನ್ನಳೆಗೆ ಕೆಲಸ ಸಿಗುವುದೂ ಅವಳಿಂದ ಉತ್ತರೆಗೆ ಅಪಾಯವಿಲ್ಲವೆಂಬ ಕಾರಣಕ್ಕೇ. ವ್ಯಾಸಭಾರತದಲ್ಲಿ ವಿರಾಟ ಈ ವಿಷಯವನ್ನು ಪರೀಕ್ಷಿಸಿಯೇ ಒಪ್ಪಿಕೊಳ್ಳುತ್ತಾನೆ. ನಾಟ್ಯ ಕಲಿಸುವ ಕೈಗಳಿಗೆ ಒಲಿಯುವ ಮನಸ್ಸು ಇರಬಾರದು. ಅಜ್ಞಾತವಾಸ ಮುಗಿದ ಮೇಲೆ ವಿರಾಟ ಮಗಳನ್ನು ಧಾರೆಯೆರೆದುಕೊಡಲು ಬಂದಾಗ ಅರ್ಜುನ ಆಕೆಯನ್ನು ಸೊಸೆಯಾಗಿ ಸ್ವೀಕರಿಸುತ್ತಾನೆ. ಗುರುಶಿಷ್ಯರ ಒಡನಾಟ ನಿಷ್ಕಳಂಕವೆಂದು ಲೋಕಕ್ಕೆ ತೋರಿಸಿಕೊಡುವ ನಡೆ ಇದು. ಬೃಹನ್ನಳೆಯ ವರ್ಷ ವೇಷವೆಂದಾಗುತ್ತದೆ, ಗಂಡಸು ಗಂಡಸಾಗಿ ಮರಳುತ್ತಾನೆ. ವೇಷವೇ ಬಾಳಾದವರಿಗೆ ಈ ಕಥೆಯಲ್ಲಿ ಒಂದು ವರ್ಷದಾಚೆ ಇರವಿಲ್ಲ.

ಎರಡನೆಯ ಧ್ರುವವನ್ನು ಜೈನ ಶಾಸ್ತ್ರಗಳು ಸ್ಪಷ್ಟವಾಗಿ ನಿರೂಪಿಸಿವೆ. ಕರ್ನಾಟಕದ ಮಟ್ಟಿಗೆ ಇದಕ್ಕೆ ವಿಶೇಷ ಮಹತ್ವವಿದೆ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಕಾಲದ ನೇಮಿಚಂದ್ರ ರಚಿಸಿದ ಪ್ರಾಕೃತ ಗೊಮ್ಮಟಸಾರ ವೇದ ಎಂಬ ಪರಿಭಾಷೆಯಲ್ಲಿ ಮೂರು ಬಗೆಯ ಕಾಮವನ್ನು ಹೇಳುತ್ತದೆ. ಪುರುಷವೇದ ಹುಲ್ಲಿನ ಬೆಂಕಿಯಂತೆ, ಸ್ತ್ರೀವೇದ ಬೆರಣಿಯ ಬೆಂಕಿಯಂತೆ, ನಪುಂಸಕವೇದ ಇಟ್ಟಿಗೆ ಸುಡುವ ಆವಿಗೆಯ ಬೆಂಕಿಯಂತೆ. ಮೊದಲನೆಯದು ಬೇಗ ಹೊತ್ತಿ ಬೇಗ ಆರುತ್ತದೆ, ಎರಡನೆಯದು ಒಳಗೊಳಗೇ ಕಾಯುತ್ತದೆ, ಮೂರನೆಯದು ತಣಿಯುವುದೇ ಅಪರೂಪ. ಹದಿನಾಲ್ಕನೆಯ ಶತಮಾನದಲ್ಲಿ ಕೇಶವವರ್ಣಿ ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ಬರೆದುದರಿಂದ ಈ ಚಿಂತನೆ ಕನ್ನಡದ ಜೈನ ವಿದ್ವತ್ತಿನೊಳಗೂ ಹರಿದುಬಂದಿದೆ. ದೇಹದ ಚಿಹ್ನೆಯೇ ಬೇರೆ, ಒಳಗಿನ ಭಾವವೇ ಬೇರೆ, ಇವೆರಡೂ ಒಂದೇ ಆಗಿರಬೇಕಿಲ್ಲ ಎಂಬ ಸೂಕ್ಷ್ಮ ತಿಳಿವು ಈ ಶಾಸ್ತ್ರದಲ್ಲಿದೆ. ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ಇಂಥ ವಿವೇಚನೆ ನಡೆದಿತ್ತೆಂಬುದು ಮೆಚ್ಚತಕ್ಕ ಸಂಗತಿ. ಆದರೆ ಆವಿಗೆಯ ಹೋಲಿಕೆ ಕರ್ಮಸಿದ್ಧಾಂತದ್ದು. ಅದು ಅಳೆಯುವುದು ಬೇಗೆಯನ್ನು ಮಾತ್ರ. ಆ ಬೇಗೆ ಯಾರಿಗಾಗಿ ಎಂಬುದು ಶಾಸ್ತ್ರದ ಪ್ರಶ್ನೆಯಲ್ಲ.

ಹೀಗೆ ಅಂತಃಪುರದ ಅಪಾಯವಿಲ್ಲದ ಗುರು ಒಂದೆಡೆ, ಆರದ ಆವಿಗೆ ಇನ್ನೊಂದೆಡೆ. ಮುಂದಿನ ಕಾಲದ ಹಾಸ್ಯಪ್ರಸಂಗಗಳೂ ಬೈಗುಳಗಳೂ ಎರಡನೆಯದರ ವಿಕೃತ ಸಂತತಿ ಎನ್ನಬಹುದು. ಬೀದಿಯಲ್ಲಿ ಚಪ್ಪಾಳೆ ತಟ್ಟಿ ಗಂಡಸರನ್ನು ಮುಜುಗರಕ್ಕೀಡುಮಾಡುವ ಪಾತ್ರ ಕನ್ನಡ ಚಲನಚಿತ್ರಗಳಲ್ಲಿ ಎಷ್ಟು ಸಲ ಬಂದುಹೋಗಿದೆಯೆಂಬುದನ್ನು ಪ್ರೇಕ್ಷಕರು ಬಲ್ಲರು. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಎರಡು ಧ್ರುವಗಳಿಗೂ ಸೇರದ ಒಂದು ದನಿ ಕನ್ನಡದಲ್ಲಿ ಉಂಟಾದುದು ವಚನಕಾರರಿಂದ. ಶರಣಸತಿ–ಲಿಂಗಪತಿ ಭಾವದಲ್ಲಿ ಗಂಡಾಗಿ ಹುಟ್ಟಿದ ಶರಣರು ತಮ್ಮನ್ನು ಹೆಂಡತಿಯೆಂದು ಕರೆದುಕೊಂಡರು. ಉರಿಲಿಂಗದೇವನ ವಚನಗಳಲ್ಲಿ ನಲ್ಲನಿಗಾಗಿ ಕಾಯುವುದು, ಸಿಂಗರಿಸಿಕೊಳ್ಳುವುದು, ಮುನಿಸು, ಕೂಟ ಎಲ್ಲವೂ ಬರುತ್ತವೆ. ಜೇಡರ ದಾಸಿಮಯ್ಯ ಆತ್ಮಕ್ಕೆ ಗಂಡು–ಹೆಣ್ಣಿನ ಗುರುತಿಲ್ಲವೆಂದ. ಶರಣರ ಹೆಣ್ತನ ಭಕ್ತಿಯ ಭಾವವೇ ಹೊರತು ಬಾಳುವೆಯ ರೀತಿಯಲ್ಲ, ಹಾಗಾಗಿ ಅದನ್ನು ಜೋಗತಿಯರ ಬದುಕಿನೊಂದಿಗೆ ಸಮೀಕರಿಸುವುದು ತಪ್ಪಾದೀತು. ಆದರೂ ಗಂಡುದೇಹದ ಬಾಯಿಂದ ಹೆಣ್ಣಿನ ಒಲವನ್ನು ನಗೆಪಾಟಲಾಗದಂತೆ ನುಡಿಯಲು ಸಾಧ್ಯ ಎಂಬುದನ್ನು ಕನ್ನಡ ಆಗಲೇ ಕಲಿತಿತ್ತು. ಮಂಜಮ್ಮ ಜೋಗತಿಯವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಬಂದಾಗ ದಾಸಿಮಯ್ಯನ ನೆನಪು ಅದರೊಳಗೆ ಸೇರಿಕೊಂಡದ್ದು ಆಕಸ್ಮಿಕವಲ್ಲ. ಅದನ್ನು ನಿರೂಪಿಸಿದ ಅರುಣ್ ಜೋಳದಕೂಡ್ಲಿಗಿ ಇದೇ ಸೀಮೆಯ ಜಾನಪದ ವಿದ್ವಾಂಸರು.

ಆಧುನಿಕ ಕಥನಸಾಹಿತ್ಯಕ್ಕೆ ಬಂದರೆ ಬಳ್ಳಾರಿ ಸೀಮೆ ಬಡವಾದುದಲ್ಲ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಈ ನೆಲದ ನುಡಿಯನ್ನೂ ದೈವಗಳನ್ನೂ ಕಾದಂಬರಿಗೆ ತಂದರು, ಅವರ ‘ಅರಮನೆ’ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸಂಡೂರಿನ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಪ್ರಕಟಿಸಿ ಗಂಡು ಗಂಡನ್ನು ಪ್ರೀತಿಸುವ ಸಂಕಟವನ್ನು ಕನ್ನಡ ಓದುಗರ ಮುಂದಿಟ್ಟರು. ಮೋಹನಸ್ವಾಮಿ ಹೆಣ್ಣಾಗಬಯಸುವವನಲ್ಲ, ಅವನ ಪ್ರಶ್ನೆ ಬೇರೆ. ಆದರೆ ಕಥೆ ಪ್ರೇಮಿಯ ಒಳಗಿನಿಂದ ಹೇಳಲ್ಪಟ್ಟಿದೆ. ಜೋಗತಿಯೊಬ್ಬಳ ಒಲವನ್ನು ಅದೇ ಬಗೆಯಲ್ಲಿ ಕೇಂದ್ರಕ್ಕೆ ತಂದುಕೊಂಡ ಕನ್ನಡ ಕಥೆ ಕಾದಂಬರಿಗಳು ವಿರಳ.

ಎಲ್ಲಮ್ಮನ ಪಂಥದ ಇನ್ನೊಂದು ಅಂಚಿನಲ್ಲಿ, ಮರಾಠಿಯಲ್ಲಿ, ಈ ವಸ್ತುವಿಗೆ ಕೈಹಾಕಿದವರು ರಾಜನ್ ಗವಸ್. ಕೊಲ್ಹಾಪುರ ಜಿಲ್ಲೆಯ ಗಡಿಭಾಗದ ಅವರು ಬರೆದ ‘ಚೌಂಡಕ’, ‘ಭಂಡಾರಭೋಗ’ ಕಾದಂಬರಿಗಳನ್ನೂ ಚಾರುತಾ ಸಾಗರರ ಒಂದು ಕಥೆಯನ್ನೂ ಆಧರಿಸಿ ರಾಜೀವ ಪಾಟೀಲರು ನಿರ್ದೇಶಿಸಿದ ‘ಜೋಗವಾ’ 2009ರಲ್ಲಿ ತೆರೆಕಂಡಿತು. ಸೀರೆಯುಟ್ಟ ತಾಯಪ್ಪ ಹಾಗೂ ದೇವಿಗೆ ಬಿಡಲಾದ ಸುಲಿ ಎಂಬ ಹೆಣ್ಣಿನ ನಡುವಣ ಪ್ರೇಮ ಅದರ ವಸ್ತು. ತಾಯಪ್ಪನ ಪಾತ್ರಕ್ಕಾಗಿ ಉಪೇಂದ್ರ ಲಿಮಯೆಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಕಟ್ಟಳೆಯ ಕ್ರೌರ್ಯವನ್ನು ಇಷ್ಟು ನೇರವಾಗಿ ತೋರಿದ ಚಿತ್ರಗಳು ಕಡಿಮೆ. ಹಾಗಿದ್ದೂ ಒಂದು ಮಾತು ಉಳಿಯುತ್ತದೆ. ತಾಯಪ್ಪ ಬಲವಂತದಿಂದ ಸೀರೆಯುಟ್ಟ ಗಂಡಸು. ಅವನ ಬಿಡುಗಡೆಯೆಂದರೆ ಗಂಡಸಾಗಿ ಒಲಿಯುವ ಹಕ್ಕು ಮರಳುವುದು. ಬೃಹನ್ನಳೆಯ ಶಾಪ ತೀರುವಂತೆ ಇಲ್ಲಿಯೂ ಪ್ರೇಮ ಕೈಗೂಡಬೇಕಾದರೆ ವೇಷ ಕಳಚಬೇಕು. ಒತ್ತಾಯಕ್ಕೆ ಸಿಕ್ಕವರ ನೋವು ಸತ್ಯ, ಅದನ್ನು ಹೇಳಲೇಬೇಕು. ಸೀರೆಯನ್ನು ತಾವೇ ಬಯಸಿ ಉಟ್ಟವರ ಪ್ರೇಮ ಆ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ.

ಬೆಂಗಳೂರಿನ ಮಹೇಶ ದತ್ತಾಣಿಯವರ ಇಂಗ್ಲಿಷ್ ನಾಟಕ ‘ಸೆವೆನ್ ಸ್ಟೆಪ್ಸ್ ಅರೌಂಡ್ ದ ಫೈರ್’ ಈ ದೃಷ್ಟಿಯಿಂದ ಬೇರೆಯೇ ತೂಕದ್ದು. 1999ರಲ್ಲಿ ಬಿಬಿಸಿ ರೇಡಿಯೋದಲ್ಲಿ ಪ್ರಸಾರವಾದ ಈ ಬಾನುಲಿ ನಾಟಕ ಬೆಂಗಳೂರಿನಲ್ಲಿ ನಡೆಯುತ್ತದೆ. ಕಮಲಾ ಎಂಬ ಹಿಜಡಾ ಯುವತಿಯ ಸುಟ್ಟ ಶವ ಸಿಕ್ಕಿದೆ, ಆಕೆಯ ಸಂಗಾತಿ ಅನಾರ್ಕಲಿಯನ್ನು ಪೊಲೀಸರು ಹಿಡಿದುಹಾಕಿದ್ದಾರೆ. ಪೊಲೀಸ್ ಅಧಿಕಾರಿಯ ಪತ್ನಿಯೂ ಸಂಶೋಧಕಿಯೂ ಆದ ಉಮಾ ರಾವ್ ಸತ್ಯವನ್ನು ಹುಡುಕುತ್ತಾಳೆ. ಮಂತ್ರಿಯೊಬ್ಬನ ಮಗ ಸುಬ್ಬು ಕಮಲಾಳನ್ನು ಗುಟ್ಟಾಗಿ ಮದುವೆಯಾಗಿದ್ದನೆಂದೂ ಕೊಲೆಯ ಹಿಂದೆ ಮಂತ್ರಿಯೇ ಇದ್ದನೆಂದೂ ಕೊನೆಗೆ ಹೊರಬೀಳುತ್ತದೆ. ಸುಬ್ಬುವಿಗೆ ಬೇರೆ ಹೆಣ್ಣಿನೊಂದಿಗೆ ನಡೆಯುತ್ತಿರುವ ಮದುವೆಗೆ ಹಿಜಡಾಗಳು ಹರಸಲು ಬಂದಾಗ ಕಮಲಾಳೊಂದಿಗಿನ ಮದುವೆಯ ಚಿತ್ರ ಅವನ ಕೈ ಸೇರುತ್ತದೆ. ಅವನು ಗುಂಡು ಹಾರಿಸಿಕೊಂಡು ಸಾಯುತ್ತಾನೆ.

ಶೀರ್ಷಿಕೆಯ ಬೆಂಕಿ ಸಪ್ತಪದಿಯದು, ಕಮಲಾಳನ್ನು ಸುಟ್ಟದ್ದೂ ಬೆಂಕಿಯೇ. ಈ ನಾಟಕದಲ್ಲಿ ಗಂಡಸು ವಂಚಕನಲ್ಲ. ಅವನು ಆಕೆಯನ್ನು ನಿಜವಾಗಿ ಪ್ರೀತಿಸಿದ್ದಾನೆ, ಮದುವೆಯಾಗಿದ್ದಾನೆ. ಪ್ರೇಮದ ಸತ್ಯವನ್ನು ದತ್ತಾಣಿ ಎಲ್ಲಿಯೂ ಸಂದೇಹಕ್ಕೆ ಗುರಿಮಾಡುವುದಿಲ್ಲ. ಎರಡು ಧ್ರುವಗಳ ನಡುವಣ ಬರಿದು ಜಾಗದಲ್ಲಿ ಇಟ್ಟ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಆದರೆ ನಾಟಕ ತೆರೆದುಕೊಳ್ಳುವ ಹೊತ್ತಿಗೆ ಕಮಲಾ ಸತ್ತಿದ್ದಾಳೆ. ಒಂದು ಮಾತನ್ನೂ ಆಡದ ನಾಯಕಿ ಆಕೆ. ಆಕೆಯ ದಾಂಪತ್ಯಕ್ಕೆ ಉಳಿದ ಸಾಕ್ಷಿ ಒಂದೇ ಒಂದು ಚಿತ್ರ, ಅದನ್ನು ಇಲ್ಲವಾಗಿಸಲು ಅಧಿಕಾರ ಹೊಂಚುತ್ತದೆ. ಆ ಚಿತ್ರ ತೆಗೆದ ದಿನದಿಂದ ಕೊಲೆಯ ದಿನದವರೆಗಿನ ಅವರ ಸಂಸಾರ ಹೇಗಿತ್ತೆಂಬುದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ.

ಆ ದಿನಗಳನ್ನು ಹೇಳಲು ಮುಂದಾದದ್ದು ಕಲ್ಪನೆಯಲ್ಲ, ಆತ್ಮಕಥನ. ನಾಮಕ್ಕಲ್ ಜಿಲ್ಲೆಯಲ್ಲಿ ಹುಟ್ಟಿ ಬೆಂಗಳೂರನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಎ. ರೇವತಿಯವರ ಆತ್ಮಕಥನ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ದು. ಸರಸ್ವತಿಯವರ ಅನುವಾದದಲ್ಲಿ ಅದು ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿತು, ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೇರಿಸಿ ಊರೂರು ಸುತ್ತಿತು. ರೇವತಿ ತಮ್ಮ ಮದುವೆಯನ್ನೂ ಅದು ಮುರಿದುದನ್ನೂ ಮುಚ್ಚಿಡದೆ ಬರೆದಿದ್ದಾರೆ. ಸಹೋದ್ಯೋಗಿಯೊಬ್ಬರೊಂದಿಗೆ ಬೆಳೆದ ಒಲವು ಮದುವೆಯಾಗುತ್ತದೆ, ಮನೆಯಾಗುತ್ತದೆ, ಮೆಲ್ಲಮೆಲ್ಲನೆ ಆತ ದೂರವಾಗುತ್ತಾನೆ. ಕೊಲೆಯಿಲ್ಲ, ಶಾಪವಿಲ್ಲ. ಎಷ್ಟೋ ಹೆಂಗಸರ ಬಾಳಿನಲ್ಲಿ ನಡೆಯುವಂತೆ ಒಂದು ದಾಂಪತ್ಯ ಸವೆದುಹೋಗುತ್ತದೆ. ಈ ಸಾಮಾನ್ಯತೆಯೇ ಆ ಪುಟಗಳ ಹೆಚ್ಚುಗಾರಿಕೆ. ದುರಂತವಾಗಿಯಾದರೂ ಹೆಂಡತಿಯಾಗಿದ್ದ ಒಬ್ಬಳ ಮಾತು ಇಲ್ಲಿ ಸತ್ತವಳ ಚಿತ್ರದಿಂದಲ್ಲ, ಬದುಕಿದವಳ ಬಾಯಿಂದ ಬರುತ್ತದೆ.

ಇದೇ ಬಗೆಯ ಇನ್ನೊಂದು ಕೃತಿ ಲಿವಿಂಗ್ ಸ್ಮೈಲ್ ವಿದ್ಯಾ ಅವರದು. ತಮಿಳಿನಿಂದ ತಮಿಳ್‌ಸೆಲ್ವಿ ಕನ್ನಡಕ್ಕೆ ತಂದ ಆ ಆತ್ಮಕಥನವನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರ 2015ರಲ್ಲಿ ಬಿಡುಗಡೆಯಾಯಿತು. ಮುಖ್ಯಪಾತ್ರದ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಂದಿತು. ದೇಹ ಮತ್ತು ಹೆಸರು ಒಂದಾಗುವ ಹೋರಾಟ ಚಿತ್ರದ ಜೀವಾಳ, ಪ್ರೇಮಕ್ಕೆ ಅಲ್ಲಿ ಇಕ್ಕಟ್ಟಿನ ಜಾಗ. ಹಾಗಿರುವುದು ಲೋಪವೇನಲ್ಲ. ಮೊದಲು ತಾನು ಯಾರೆಂದು ಸ್ಥ���ಪಿಸಿಕೊಳ್ಳಬೇಕಾದವರಿಗೆ ತನ್ನವರು ಯಾರೆಂಬ ಪ್ರಶ್ನೆ ಅನಿವಾರ್ಯವಾಗಿ ಹಿಂದೆ ಉಳಿಯುತ್ತದೆ.

ನ್ಯಾಯಾಲಯಗಳ ಕ್ರಮವೂ ಹಾಗೆಯೇ ಸಾಗಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಸಂಗಾತಿಯ ವಿಷಯ ಬಂದುದು ಆಮೇಲೆ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠ, ಹಿಂದೂ ವಿವಾಹ ಕಾಯ್ದೆಯ ‘ವಧು’ ಎಂಬ ಪದದೊಳಗೆ ಹೆಣ್ಣಾಗಿ ಗುರುತಿಸಿಕೊಂಡ ಲಿಂಗಪರಿವರ್ತಿತರೂ ಸೇರುತ್ತಾರೆಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಗಂಡುಹೆಣ್ಣಿನ ಸಂಬಂಧದಲ್ಲಿರುವ ಲಿಂಗತ್ವ ಅಲ್ಪಸಂಖ್ಯಾತರು ಜಾರಿಯಲ್ಲಿರುವ ಕಾನೂನುಗಳಂತೆಯೇ ಮದುವೆಯಾಗಬಹುದೆಂಬುದನ್ನು ಮಾತ್ರ ಒಪ್ಪಿತು. ಕರ್ನಾಟಕದಲ್ಲಿ ಮದುವೆಯ ಕುರಿತ ಈ ತೀರ್ಪುಗಳಿಗೂ ಮೊದಲೇ, 2018ರಲ್ಲಿ, ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ತಮ್ಮ ಮದುವೆಯನ್ನು ನೋಂದಾಯಿಸಿದ್ದರು. ದತ್ತಾಣಿಯವರ ಕಮಲಾ ಮತ್ತು ಈ ನೋಂದಣಿ, ಇವೆರಡರ ನಡುವೆ ಹತ್ತೊಂಬತ್ತು ವರ್ಷಗಳ ಅಂತರ. ಬಾಳು ಮುಂದೆ ಸಾಗಿದಷ್ಟು ವೇಗವಾಗಿ ಕಥೆ ಸಾಗಿಲ್ಲ.

ಈ ತಡದಲ್ಲಿ ವಿದ್ವತ್ತಿನ ಪಾಲೂ ಉಂಟು. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸ್ ಪ್ರಾಂತದಲ್ಲಿದ್ದುದರಿಂದ ಇಲ್ಲಿ ದೇವದಾಸಿ ಪದ್ಧತಿಯನ್ನು ಮೊದಲು ನಿಷೇಧಿಸಿದ್ದು ಅಲ್ಲಿಯ 1947ರ ಕಾನೂನು. ಬಳಿಕ ಕರ್ನಾಟಕದ 1982ರ ಕಾಯ್ದೆ ಬಂದಿತು. ಎರಡರ ದೃಷ್ಟಿಯೂ ಇದ್ದುದು ದೇವರಿಗೆ ಬಿಡಲಾದ ಹೆಣ್ಣುಮಕ್ಕಳ ಮೇಲೆ. ಹೆಣ್ಣಾಗಿ ಬಾಳುವ ಜೋಗತಿಯರು ಕಾನೂನಿನ ಕಣ್ಣಿಗೆ ಬೀಳಲಿಲ್ಲ, ಸಮಾಜಸುಧಾರಕರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಅವರಿದ್ದಲ್ಲಿಗೆ ಹೋದವರು ಜಾನಪದ ಸಂಗ್ರಾಹಕರು. ಸಂಗ್ರಾಹಕರು ಕೇಳಿದ್ದು ಎಲ್ಲಮ್ಮನಾಟದ ಪಠ್ಯವನ್ನು, ಚೌಡಿಕೆಪದವನ್ನು, ಮುತ್ತು ಕಟ್ಟುವ ವಿಧಿಯನ್ನು. ಒಲವನ್ನು ಕೇಳುವುದು ಅನುಚಿತವೆಂಬ ಸಂಕೋಚ ಇದ್ದಿರಬಹುದು, ಅದು ಸಂಶೋಧನೆಯ ವಿಷಯವೇ ಅಲ್ಲವೆಂಬ ಭಾವನೆಯೂ ಇದ್ದಿರಬಹುದು. ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ವಿರಾಟನ ಅಂತಃಪುರದ ನಿಯಮವನ್ನೇ ಸಂಗ್ರಾಹಕನ ಟಿಪ್ಪಣಿ ಪುಸ್ತಕವೂ ಪಾಲಿಸಿತು. ಕಲೆ ಕಲಿಸುವವಳಾಗಿ ಜೋಗತಿ ದಾಖಲಾದಳು, ಮನಸ್ಸುಳ್ಳವಳಾಗಿ ಅಲ್ಲ.

ಮಂಜಮ್ಮ ಜೋಗತಿಯವರ ದಾರಿ ಇದಕ್ಕೆ ಒಂದು ತಿರುವು ಕೊಟ್ಟಿತು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಕಾಳವ್ವ ಜೋಗತಿಯ ಮೇಳದಲ್ಲಿ ಪಳಗಿ, ಆಕೆಯ ನಿಧನಾನಂತರ ಮೇಳದ ಹೊಣೆ ಹೊತ್ತು, ಮರಿಯಮ್ಮನಹಳ್ಳಿಯನ್ನು ನೆಲೆಯಾಗಿಸಿಕೊಂಡ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಸಂಗ್ರಾಹಕರ ಎದುರು ಕುಳಿತು ಉತ್ತರಿಸುತ್ತಿದ್ದವರು ಸಂಗ್ರಹಿಸುವ ಸಂಸ್ಥೆಯ ಮೇಜಿನ ಹಿಂದೆ ಕುಳಿತ ಮೊದಲ ಸಂದರ್ಭ ಇದು. ಎಲ್ಲಮ್ಮನಾಟದಲ್ಲಿ ಕೊಡ ಹೊತ್ತು ಹೊಳೆಗೆ ಹೋಗುವ ರೇಣುಕೆ ನೀರಿನಲ್ಲಿ ಗಂಧರ್ವನ ನೆರಳನ್ನು ಕಂಡು ನಿಲ್ಲುವ ಒಂದು ಗಳಿಗೆ ಬರುತ್ತದೆ. ಅದನ್ನು ಆಡಿ ತೋರಿಸುವ ಜೋಗತಿಗೆ ಆ ನೋಟದ ಅರ್ಥವೇನು ಎಂಬ ಪ್ರಶ್ನೆಯನ್ನು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ಮೇಳಗಳಲ್ಲಿ ಇಂದಿಗೂ ಕೇಳಬಹುದಾಗಿದೆ. ಭರತ ಹುಣ್ಣಿಮೆಗೆ ಹೊಸ ಬಳೆ ಇಟ್ಟುಕೊಂಡು ಬರುವ ಹಿರಿಯರಲ್ಲಿ ಅದಕ್ಕೆ ಉತ್ತರ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.